ಗಿಡ್ಡ ಗೋಧಿ, ಎತ್ತರದ ಕಗ್ಗ ಭತ್ತ: ಇಳುವರಿ ಹೆಚ್ಚಿಸುವ ಹಾರ್ಮೋನು ಜೀನುಗಳ ಲೆಕ್ಕ

ಕಾರವಾರದಿಂದ ಭಟ್ಕಳದವರೆಗೆ ನಮ್ಮ ಕರಾವಳಿಯಲ್ಲಿ ಗೋಧಿ ಬೆಳೆಯುವವರಿಲ್ಲ. ಆದರೆ ಈಗ ಯಾವ ಮನೆಯಲ್ಲಿ ರಾತ್ರಿಗೆ ಚಪಾತಿ ಇಲ್ಲ ಹೇಳಿ? ಹುಬ್ಬಳ್ಳಿ ಕಡೆಯಿಂದ ಅರಬೈಲ್ ಘಟ್ಟ ಇಳಿದು ಲಾರಿಯಲ್ಲಿ ಗೋಧಿ ಬರುತ್ತದೆ, ಹಿಟ್ಟು ಬರುತ್ತದೆ, ನಾವು ತಿನ್ನುತ್ತೇವೆ. ಹಾಗಾಗಿ "ಗೋಧಿ ಇಳುವರಿ ಹೆಚ್ಚಿಸುವ ಹೊಸ ಜೀನು ಸಿಕ್ಕಿತು" ಎಂಬ ಸುದ್ದಿ ಬಂದಾಗ ಅದು ಪಂಜಾಬಿನವರಿಗೆ ಬಿಟ್ಟ ವಿಷಯ ಅಂತ ಪಕ್ಕಕ್ಕಿಡಲು ಆಗುವುದಿಲ್ಲ. ಇನ್ನೊಂದು ಕಾರಣವೂ ಇದೆ. ಗೋಧಿಯಲ್ಲಿ ಶುರುವಾದ ಈ ಕೆಲಸ 2025ರಲ್ಲಿ ಭತ್ತದ ರೂಪದಲ್ಲಿ ನಮ್ಮ ಗದ್ದೆಯ ಬಾಗಿಲಿಗೇ ಬಂದು ನಿಂತಿದೆ.

ಇಂಥ ಸುದ್ದಿಗಳನ್ನು ಹಲವು ವರ್ಷಗಳಿಂದ ಓದುತ್ತಿದ್ದೇನೆ. ಓದಿದಷ್ಟೂ ಒಂದು ಮಾತು ಗಟ್ಟಿಯಾಗುತ್ತಿದೆ. ಇಳುವರಿ ಹೆಚ್ಚಿಸುವ ಜೀನು ಅಂದ ಕೂಡಲೇ ಗಿಡಕ್ಕೆ ಏನೋ ಹೊಸ ಶಕ್ತಿ ತುಂಬಿದರು ಅಂತ ನಾವು ಅಂದುಕೊಳ್ಳುತ್ತೇವೆ. ಆದರೆ ಹೆಚ್ಚಿನ ಸಲ ನಡೆದಿರುವುದು ಅದಲ್ಲ. ಗಿಡದೊಳಗೆ ಮೊದಲೇ ಇದ್ದ ಒಂದು ವ್ಯವಸ್ಥೆಯನ್ನು ಸ್ವಲ್ಪ ಕೆಡಿಸಿರುತ್ತಾರೆ. ಒಂದು ಕಡೆ ಹೋಗುತ್ತಿದ್ದ ಆಹಾರ ಕಾಳಿನ ಕಡೆ ತಿರುಗುತ್ತದೆ. ತಿರುಗಿಸಿದ್ದಕ್ಕೆ ಬೆಲೆ ಇದೆ, ಮತ್ತು ಆ ಬೆಲೆ ಎಷ್ಟು ಎಂಬುದು ಗದ್ದೆಯಿಂದ ಗದ್ದೆಗೆ ಬೇರೆಯಾಗುತ್ತದೆ.

ಮೊದಲು ಹಾರ್ಮೋನು ಅಂದರೇನು ನೋಡೋಣ. ಬಾಳೆಗೊನೆಯ ಜೊತೆ ಒಂದೆರಡು ಹಣ್ಣು ಇಟ್ಟು ಗೋಣಿ ಮುಚ್ಚಿದರೆ ಇಡೀ ಗೊನೆ ಬೇಗ ಹಣ್ಣಾಗುತ್ತದೆ, ಅಲ್ವಾ? ಹಣ್ಣಿನಿಂದ ಹೊರಡುವ ಎಥಿಲೀನ್ ಎಂಬ ಅನಿಲ ಅದನ್ನು ಮಾಡುತ್ತದೆ. ಅದು ಗಿಡದ ಒಂದು ಹಾರ್ಮೋನು, ಅಂದರೆ ಯಾವಾಗ ಬೆಳೆಯಬೇಕು, ಯಾವಾಗ ಹಣ್ಣಾಗಬೇಕು ಎಂಬ ಸಂದೇಶ ಸಾಗಿಸುವ ರಾಸಾಯನಿಕ. ಇನ್ನೊಂದು ಉದಾಹರಣೆ ಮಾವಿನ ತೋಪಿನಲ್ಲಿದೆ. ತೋಪು ಗುತ್ತಿಗೆ ಹಿಡಿದವರು ಮರದ ಬುಡಕ್ಕೆ ಕಲ್ಟಾರ್ ಹಾಕುತ್ತಾರೆ. ಅದರಲ್ಲಿರುವ ಪ್ಯಾಕ್ಲೊಬ್ಯುಟ್ರಜೋಲ್ ಎಂಬ ರಾಸಾಯನಿಕ ಮರಕ್ಕೆ ಗೊಬ್ಬರವಲ್ಲ. ಮರದೊಳಗೆ ಜಿಬ್ಬರೆಲಿನ್ ಎಂಬ ಹಾರ್ಮೋನು ತಯಾರಾಗುವುದನ್ನು ಅದು ತಡೆಯುತ್ತದೆ. ಜಿಬ್ಬರೆಲಿನ್ ಕಡಿಮೆಯಾದರೆ ಚಿಗುರು ನಿಲ್ಲುತ್ತದೆ, ಹೂವು ಬರುತ್ತದೆ. ಗೋಧಿಯ ಇಡೀ ಕತೆ ಇದೇ ಜಿಬ್ಬರೆಲಿನ್ ಸುತ್ತ ತಿರುಗುತ್ತದೆ ಎಂಬುದನ್ನು ನೆನಪಿಟ್ಟುಕೊಳ್ಳಿ.

ಈ ಹಾರ್ಮೋನನ್ನು ತೋರಿಸಿಕೊಟ್ಟದ್ದು ಭತ್ತದ ಒಂದು ರೋಗ. ಜಪಾನಿನ ರೈತರು ಅದನ್ನು ಬಕಾನೆ ಎನ್ನುತ್ತಿದ್ದರು, ಪೆದ್ದು ಸಸಿ ಅಂತ ಅರ್ಥ. ಸಸಿ ಉಳಿದವುಗಳಿಗಿಂತ ಸರಸರನೆ ಎತ್ತರಕ್ಕೆ ಬೆಳೆದು, ಬಿಳಿಚಿಕೊಂಡು, ಕಾಳು ಕಟ್ಟದೆ ಸಾಯುತ್ತಿತ್ತು. ರೋಗ ತರುವುದು ಒಂದು ಶಿಲೀಂಧ್ರ. ಆ ಶಿಲೀಂಧ್ರ ಹೊರಬಿಡುವ ರಸವೊಂದೇ ಸಾಕು, ಸಸಿ ಉದ್ದವಾಗುತ್ತದೆ ಅಂತ 1926ರಲ್ಲಿ ಕುರೊಸಾವಾ ಎಂಬ ವಿಜ್ಞಾನಿ ತೋರಿಸಿದರು. 1935ರಲ್ಲಿ ಯಾಬುಟಾ ಅದಕ್ಕೆ ಜಿಬ್ಬರೆಲಿನ್ ಎಂದು ಹೆಸರಿಟ್ಟರು. ಗಿಡಗಳೂ ತಮ್ಮೊಳಗೆ ಅದನ್ನೇ ತಯಾರಿಸಿಕೊಳ್ಳುತ್ತವೆ ಎಂದು ತಿಳಿದದ್ದು ಆಮೇಲೆ.

ಅದೇ 1935ರಲ್ಲಿ, ಅದೇ ಜಪಾನಿನಲ್ಲಿ, ಇದಕ್ಕೆ ಏನೂ ಸಂಬಂಧವಿಲ್ಲದಂತೆ ನೊರಿನ್ 10 ಎಂಬ ಗಿಡ್ಡ ಗೋಧಿ ತಳಿ ಬಿಡುಗಡೆಯಾಯಿತು. ಎರಡನೇ ಮಹಾಯುದ್ಧ ಮುಗಿದ ಮೇಲೆ 1946ರಲ್ಲಿ ಸೆಸಿಲ್ ಸಾಲ್ಮನ್ ಎಂಬ ಅಮೆರಿಕದ ಕೃಷಿ ತಜ್ಞ ಅದರ ಬೀಜ ಕೊಂಡೊಯ್ದರು. ವಾಷಿಂಗ್ಟನ್ ರಾಜ್ಯದಲ್ಲಿ ಆರ್ವಿಲ್ ವೋಗೆಲ್ ಅದನ್ನು ಅಲ್ಲಿನ ಗೋಧಿಯ ಜೊತೆ ಅಡ್ಡತಳಿ ಮಾಡಿದರು, ಅಲ್ಲಿಂದ ಅದು ಮೆಕ್ಸಿಕೊದಲ್ಲಿದ್ದ ನಾರ್ಮನ್ ಬೋರ್ಲಾಗ್ ಕೈಗೆ ಬಂತು. 1963ರಲ್ಲಿ ಬೋರ್ಲಾಗ್ ಭಾರತಕ್ಕೆ ಬಂದು ಎಂ.ಎಸ್. ಸ್ವಾಮಿನಾಥನ್ ಅವರ ಜೊತೆ ಗೋಧಿ ಹೊಲಗಳನ್ನು ಸುತ್ತಿದರು. 1966ರಲ್ಲಿ ಭಾರತ ಮೆಕ್ಸಿಕೊದಿಂದ 18,000 ಟನ್ ಬಿತ್ತನೆ ಬೀಜ ತರಿಸಿತು. ನಂತರ ಕಲ್ಯಾಣ ಸೋನಾ, ಸೋನಾಲಿಕಾದಂಥ ನಮ್ಮವೇ ತಳಿಗಳು ಬಂದವು. 1964-65ರಲ್ಲಿ ಸುಮಾರು 1.2 ಕೋಟಿ ಟನ್ ಇದ್ದ ದೇಶದ ಗೋಧಿ 1970-71ಕ್ಕೆ 2.38 ಕೋಟಿ ಟನ್ ಮುಟ್ಟಿತು.

ಗಿಡ್ಡ ಆದರೆ ಇಳುವರಿ ಯಾಕೆ ಜಾಸ್ತಿ? ಭತ್ತ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಎತ್ತರದ ಪೈರಿಗೆ ಗೊಬ್ಬರ ಹೆಚ್ಚು ಕೊಟ್ಟರೆ ಅದು ಇನ್ನೂ ಎತ್ತರ ಹೋಗಿ, ತೆನೆ ತುಂಬಿದ ಮೇಲೆ ಒಂದು ಗಾಳಿ ಮಳೆಗೆ ನೆಲ ಹಿಡಿಯುತ್ತದೆ. ಮಲಗಿದ ಪೈರಿನ ಕಾಳು ಅರ್ಧ ಜೊಳ್ಳು, ಅರ್ಧ ಮೊಳಕೆ. ಗಿಡ್ಡ ಪೈರು ಯೂರಿಯಾ ತಿಂದೂ ನೆಟ್ಟಗೆ ನಿಲ್ಲುತ್ತದೆ. ಜೊತೆಗೆ ಕಾಂಡ ಬೆಳೆಸಲು ಹೋಗುತ್ತಿದ್ದ ಆಹಾರ ತೆನೆಗೆ ಉಳಿಯುತ್ತದೆ. ಹಳೆಯ ಎತ್ತರದ ಗೋಧಿಯಲ್ಲಿ ನೆಲದ ಮೇಲಿನ ಒಟ್ಟು ತೂಕದ ಸುಮಾರು ಮೂರರಲ್ಲಿ ಒಂದು ಪಾಲು ಕಾಳಾದರೆ, ಈಗಿನ ಗಿಡ್ಡ ತಳಿಗಳಲ್ಲಿ ಅದು ಅರ್ಧದ ಹತ್ತಿರ. ಅಂದರೆ ಗಿಡ ಹೆಚ್ಚು ದುಡಿಯಲಿಲ್ಲ, ದುಡಿದದ್ದನ್ನು ಹಂಚುವ ರೀತಿ ಬದಲಾಯಿತು.

ಆ ಗಿಡ್ಡತನದ ಗುಟ್ಟು ಬಿಚ್ಚಿಕೊಂಡದ್ದು 1999ರಲ್ಲಿ. ಇಂಗ್ಲೆಂಡಿನ ಜಾನ್ ಇನ್ಸ್ ಸೆಂಟರಿನ ನಿಕೋಲಸ್ ಹಾರ್ಬರ್ಡ್ ಅವರ ತಂಡ ಅದನ್ನು ಪ್ರಕಟಿಸಿತು. ನನಗೆ ಇಡೀ ವಿಷಯದಲ್ಲಿ ತುಂಬ ಇಷ್ಟವಾದ ಭಾಗ ಇದು, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಶಿರಸಿಯಿಂದ ಕುಮಟೆಗೆ ದೇವಿಮನೆ ಘಟ್ಟ ಇಳಿಯುವ ಲಾರಿಯನ್ನು ಯೋಚಿಸಿ. ಇಳಿಜಾರಿನಲ್ಲಿ ಅದಕ್ಕೆ ಎಂಜಿನ್ ಬೇಕಾಗಿಲ್ಲ, ಬ್ರೇಕಿನ ಮೇಲಿನ ಕಾಲು ತೆಗೆದರೆ ಸಾಕು, ತಾನೇ ಓಡುತ್ತದೆ. ಗಿಡದ ಬೆಳವಣಿಗೆಯೂ ಹೀಗೆಯೇ. ಗಿಡದ ಜೀವಕೋಶದೊಳಗೆ ಡೆಲ್ಲಾ ಎಂಬ ಪ್ರೋಟೀನು ಬ್ರೇಕಿನಂತೆ ಒತ್ತಿಕೊಂಡು ಕೂತಿರುತ್ತದೆ. ಜಿಬ್ಬರೆಲಿನ್ ಬಂದಾಗ ಅದು ಒಂದು ಗ್ರಾಹಕ ಪ್ರೋಟೀನಿನ ಜೊತೆ ಸೇರಿ ಡೆಲ್ಲಾವನ್ನು ಹಿಡಿದು ಒಡೆಯಲು ಕಳಿಸುತ್ತದೆ. ಡೆಲ್ಲಾ ಹೋಯಿತು, ಬ್ರೇಕು ಬಿಟ್ಟಿತು, ಕಾಂಡ ಉದ್ದವಾಯಿತು. ನೊರಿನ್ 10 ಗೋಧಿಯಲ್ಲಿ ಈ ಡೆಲ್ಲಾ ಜೀನಿನ ಡಿಎನ್ಎ ಬರಹದಲ್ಲಿ ಒಂದೇ ಅಕ್ಷರದಷ್ಟು ತಪ್ಪಾಗಿದೆ. ಅದರಿಂದ ಪ್ರೋಟೀನಿನ ಮುಂಭಾಗ, ಅಂದರೆ ಹಿಡಿದು ಎಳೆಯಬೇಕಾದ ಹಿಡಿಕೆಯೇ ಇಲ್ಲದಂತಾಗಿದೆ. ಜಿಬ್ಬರೆಲಿನ್ ಬೇಕಾದಷ್ಟು ಇದೆ, ಆದರೆ ಹಿಡಿಯಲು ಏನೂ ಸಿಗುವುದಿಲ್ಲ. ಬ್ರೇಕು ಅರ್ಧ ಒತ್ತಿದಂತೆಯೇ ಉಳಿಯುತ್ತದೆ. ಗಿಡ ಗಿಡ್ಡ.

ಇಂಥ ಎರಡು ಜೀನುಗಳಿವೆ, ಆರ್‌ಎಚ್‌ಟಿ-ಬಿ1 ಮತ್ತು ಆರ್‌ಎಚ್‌ಟಿ-ಡಿ1. ಜಗತ್ತಿನ ಈಗಿನ ಗೋಧಿ ತಳಿಗಳಲ್ಲಿ ಹೆಚ್ಚಿನವುಗಳಲ್ಲಿ ಇವೆರಡರ ಪೈಕಿ ಒಂದಾದರೂ ಈ ರೂಪದಲ್ಲಿದೆ. ನಾಳೆ ನೀವು ಲಟ್ಟಿಸುವ ಚಪಾತಿಯ ಹಿಟ್ಟು ಬಹುಪಾಲು ಹಿಡಿಕೆ ಮುರಿದ ಒಂದು ಬ್ರೇಕಿನಿಂದ ಬಂದದ್ದು.

ಭತ್ತ ಬೇರೆ ದಾರಿ ಹಿಡಿಯಿತು. ಅಲ್ಲಿ ಎಸ್‌ಡಿ1 ಎಂಬ ಜೀನು ಕೆಟ್ಟಿದೆ. ಅದು ಜಿಬ್ಬರೆಲಿನ್ ತಯಾರಿಸುವ ಜೀನು. ಬ್ರೇಕು ಸರಿಯಾಗಿದೆ, ಅದನ್ನು ಬಿಡಿಸುವ ಹಾರ್ಮೋನೇ ಕಡಿಮೆ. ತೈವಾನಿನ ತಳಿಗಳಿಂದ ಬಂದ ಈ ಗುಣ 1966ರ ಐಆರ್8 ತಳಿಯಲ್ಲಿತ್ತು. 1968ರಲ್ಲಿ ಬಂದ ಜಯಾದಲ್ಲೂ ಇದೆ. ನಮ್ಮ ಕರಾವಳಿಯವರಿಗೆ ಜಯಾ ಗೊತ್ತಿಲ್ಲದ್ದೇನಲ್ಲ.

ಗೋಧಿಗೂ ಭತ್ತದ ದಾರಿಯೇ ಯಾಕೆ ಸಿಗಲಿಲ್ಲ ಅಂದರೆ, ರೊಟ್ಟಿ ಗೋಧಿ ಒಂದು ಗಿಡವಲ್ಲ, ಮೂರು ಹುಲ್ಲುಗಳು ಸೇರಿ ಆದ ಗಿಡ. ಪ್ರತಿಯೊಂದು ಜೀನಿಗೂ ಸಾಮಾನ್ಯವಾಗಿ ಮೂರು ಪ್ರತಿಗಳಿವೆ. 2018ರಲ್ಲಿ ಅದರ ಪೂರ್ತಿ ಜೀನೋಮ್, ಅಂದರೆ ಇಡೀ ಡಿಎನ್ಎ ಬರಹ, ಓದಿ ಮುಗಿಸಿದಾಗ ಜೀನುಗಳ ಲೆಕ್ಕ ಒಂದು ಲಕ್ಷ ದಾಟಿತ್ತು, ಡಿಎನ್ಎ ಉದ್ದ ಭತ್ತದ ಸುಮಾರು 40 ಪಟ್ಟು. ಹಾರ್ಮೋನು ತಯಾರಿಸುವ ಒಂದು ಪ್ರತಿ ಕೆಟ್ಟರೆ ಉಳಿದ ಎರಡು ಆ ಕೆಲಸ ಮಾಡಿಬಿಡುತ್ತವೆ. ಹೊರಗೆ ಏನೂ ಕಾಣಿಸುವುದಿಲ್ಲ. ಆದರೆ ಬ್ರೇಕು ಒತ್ತಿಕೊಂಡೇ ಉಳಿದರೆ ಒಂದು ಪ್ರತಿ ಸಾಕು, ಉಳಿದ ಎರಡು ಸರಿಯಿದ್ದರೂ ಲಾರಿ ನಿಧಾನವೇ. ಮುಂದೆ ಕಾಳಿನ ಸಂಖ್ಯೆಯ ಮಾತು ಬಂದಾಗ ಈ ಮೂರು ಪ್ರತಿಗಳ ವಿಷಯ ಮತ್ತೆ ಬರುತ್ತದೆ.

ಈಗ ಬೆಲೆಯ ಮಾತು. ಡೆಲ್ಲಾ ಎತ್ತರವನ್ನಷ್ಟೇ ಹಿಡಿದಿಡುವುದಿಲ್ಲ, ಬೇರು ಸಾರಜನಕ ಹೀರುವುದನ್ನೂ ಹಿಡಿದಿಡುತ್ತದೆ. ಹಸಿರು ಕ್ರಾಂತಿಯ ತಳಿಗಳು ಬೀಳದೆ ಹೆಚ್ಚು ಯೂರಿಯಾ ತಡೆದುಕೊಳ್ಳುತ್ತವೆ ನಿಜ, ಆದರೆ ಒಳ್ಳೆಯ ಇಳುವರಿ ಕೊಡಬೇಕಾದರೆ ಅವಕ್ಕೆ ಹೆಚ್ಚು ಯೂರಿಯಾ ಬೇಕೇ ಬೇಕು. 45 ಕಿಲೋ ಚೀಲ 266 ರೂಪಾಯಿ ಚಿಲ್ಲರೆಗೆ ಸಿಗುವುದರಿಂದ ಈ ಬೆಲೆ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಉಳಿದ ದುಡ್ಡನ್ನು ಸರ್ಕಾರ ಕೊಡುತ್ತದೆ, ಉಳಿದ ಸಾರಜನಕ ಬಾವಿಗೂ ಹಳ್ಳಕ್ಕೂ ಹೋಗುತ್ತದೆ.

ಇನ್ನೊಂದು ಬೆಲೆ ಬಯಲುಸೀಮೆಯಲ್ಲಿ ಕಾಣಿಸುತ್ತದೆ. ಗೋಧಿ ಮೊಳಕೆಗೆ ತುದಿಯಲ್ಲಿ ಟೊಪ್ಪಿಯಂಥ ಒಂದು ಕವಚ ಇರುತ್ತದೆ, ಮಣ್ಣನ್ನು ಸೀಳಿಕೊಂಡು ಮೇಲೆ ಬರುವುದು ಅದು. ಗಿಡ್ಡ ಜೀನು ಆ ಕವಚವನ್ನೂ ಗಿಡ್ಡ ಮಾಡುತ್ತದೆ. ವಿಜಯಪುರ, ಬಾಗಲಕೋಟೆ ಕಡೆಯ ಎರೆ ಹೊಲದಲ್ಲಿ ಹಿಂಗಾರಿಗೆ ಮಳೆಯಿಲ್ಲದೆ, ಉಳಿದ ತೇವ ನಂಬಿ ಬಿತ್ತುವಾಗ ಬೀಜ ಆಳಕ್ಕೆ ಹೋಗಬೇಕು. ಆಳಕ್ಕೆ ಹೋದ ಗಿಡ್ಡ ಗೋಧಿಯ ಬೀಜಕ್ಕೆ ಮೇಲೆ ಬರುವುದೇ ಕಷ್ಟ. ನೀರಾವರಿ ಇರುವ ಪಂಜಾಬಿಗೆ ಇದು ಸಮಸ್ಯೆಯೇ ಅಲ್ಲ, ಆದರೆ ನಮ್ಮ ರಾಜ್ಯದ ಒಣಬೇಸಾಯಕ್ಕೆ ದೊಡ್ಡ ಸಮಸ್ಯೆ. ಮೂರನೆಯದು ಹುಲ್ಲು. ಶಿರಸಿ, ಸಿದ್ದಾಪುರದ ಕಡೆ ಕೊಟ್ಟಿಗೆ ಇರುವ ಮನೆಯಲ್ಲಿ ಬಣವೆ ಎಷ್ಟು ಎತ್ತರ ಎನ್ನುವುದೂ ಇಳುವರಿಯೇ. ಯಾವ ಪ್ರಯೋಗದ ವರದಿಯ ತಲೆಬರಹದಲ್ಲೂ ಹುಲ್ಲಿನ ತೂಕ ಬಂದದ್ದನ್ನು ನಾನು ನೋಡಿಲ್ಲ.

ಈ ಬೆಲೆಗಳು ವಿಜ್ಞಾನಿಗಳಿಗೂ ಗೊತ್ತು. ಹೊಸ ಕೆಲಸವೆಲ್ಲ ಇವನ್ನು ಇಳಿಸುವ ದಾರಿ ಹುಡುಕುತ್ತಿದೆ. ಚೀನಾದ ಫು ಶಿಯಾಂಗ್‌ಡೊಂಗ್ ಅವರ ತಂಡ 2018ರಲ್ಲಿ ಜಿಆರ್‌ಎಫ್4, 2020ರಲ್ಲಿ ಎನ್‌ಜಿಆರ್5 ಎಂಬ ಜೀನುಗಳನ್ನು ಮುಂದಿಟ್ಟಿತು. ಗಿಡ ಗಿಡ್ಡವಾಗಿಯೇ ಇರಲಿ, ಸಾರಜನಕವನ್ನು ಮಾತ್ರ ಚೆನ್ನಾಗಿ ಬಳಸಲಿ ಎಂಬುದು ಅಲ್ಲಿನ ಉದ್ದೇಶ. ಆರ್‌ಎಚ್‌ಟಿ18 ಎಂಬ ಇನ್ನೊಂದು ಗಿಡ್ಡ ಜೀನು ಬ್ರೇಕನ್ನು ಮುಟ್ಟದೆ ಜಿಬ್ಬರೆಲಿನ್ನನ್ನೇ ಕಡಿಮೆ ಮಾಡುತ್ತದೆ. ಅದರಿಂದ ಮೊಳಕೆಯ ಕವಚ ಅಷ್ಟು ಗಿಡ್ಡವಾಗುವುದಿಲ್ಲ, ಬೀಜ ಆಳಕ್ಕೆ ಬಿತ್ತಬಹುದು. ಎರೆ ಹೊಲದ ಗೋಧಿಗೆ ನಮ್ಮವರು ನೋಡಬೇಕಾದದ್ದು ಇದನ್ನೇ ಅಂತ ನನಗನಿಸುತ್ತದೆ.

2023ರ ಚೀನಾ ಕೃಷಿ ವಿಶ್ವವಿದ್ಯಾಲಯದ ಕೆಲಸ ಇದಕ್ಕಿಂತ ದೊಡ್ಡದು. ಅವರಿಗೆ ಒಂದು ಗೋಧಿ ತಳಿಯಲ್ಲಿ ಆರ್‌ಎಚ್‌ಟಿ-ಬಿ1 ಜೀನೇ ಇಲ್ಲದಿರುವುದು ಕಂಡಿತು. ಅದರ ಸುತ್ತಲಿನ ಸುಮಾರು ಐದು ಲಕ್ಷ ಅಕ್ಷರಗಳಷ್ಟು ಡಿಎನ್ಎ ತುಂಡು ಪೂರ್ತಿ ಬಿದ್ದುಹೋಗಿತ್ತು. ಬ್ರೇಕಿನ ಒಂದು ಪ್ರತಿ ಹೋದರೆ ಗಿಡ ಎತ್ತರವಾಗಬೇಕಲ್ಲ? ಆಗಲಿಲ್ಲ. ಯಾಕೆಂದರೆ ಅದೇ ತುಂಡಿನ ಜೊತೆ ಪಕ್ಕದ ಇನ್ನೊಂದು ಜೀನೂ ಹೋಗಿತ್ತು, ಅದು ಬ್ರಾಸಿನೊಸ್ಟೀರಾಯ್ಡ್ ಎಂಬ ಬೇರೆ ಹಾರ್ಮೋನಿನ ಸಂದೇಶ ಸಾಗಿಸುವ ಜೀನು. ಆ ಹಾರ್ಮೋನಿನ ಸಂದೇಶ ತಗ್ಗಿದ್ದರಿಂದ ಗಿಡ ಗಿಡ್ಡವಾಗಿಯೇ ಉಳಿಯಿತು. ಇತ್ತ ಒತ್ತಿಕೊಂಡ ಬ್ರೇಕು ಇಲ್ಲದ್ದರಿಂದ ಸಾರಜನಕದ ಬಳಕೆ ಸುಧಾರಿಸಿತು, ಕಾಳೂ ಹೆಚ್ಚಿತು. ಒಂದು ಹಾರ್ಮೋನಿನ ಕೈ ಬಿಟ್ಟು ಇನ್ನೊಂದರ ಕೈ ಕಟ್ಟಿದ ಹಾಗೆ. ಅರವತ್ತು ವರ್ಷ ಒಂದೇ ಗಿಡ್ಡ ಜೀನನ್ನು ನಂಬಿದ ಮೇಲೆ ಬೇರೆ ದಾರಿಯೂ ಇದೆ ಎಂಬುದು ಖುಷಿಯ ವಿಷಯ.

ಇಷ್ಟು ಎತ್ತರದ ಕತೆಯಾಯಿತು. ಇನ್ನು ಕಾಳಿನ ಸಂಖ್ಯೆ. ಅಲ್ಲಿ ಕೆಲಸ ಮಾಡುವ ಹಾರ್ಮೋನು ಸೈಟೊಕೈನಿನ್. ತೆನೆ ಇನ್ನೂ ಹೊಟ್ಟೆಯೊಳಗಿರುವಾಗ ಎಷ್ಟು ಹೂವು ಕಟ್ಟಬೇಕು ಎಂಬುದರಲ್ಲಿ ಇದರ ಪಾಲು ದೊಡ್ಡದು. ಗಿಡದಲ್ಲಿ ಇದನ್ನು ಒಡೆದುಹಾಕುವ ಕಿಣ್ವವೂ ಇದೆ, ಅದರ ಜೀನಿಗೆ ಸಿಕೆಎಕ್ಸ್ ಅನ್ನುತ್ತಾರೆ. 2005ರಲ್ಲಿ ಜಪಾನಿನ ವಿಜ್ಞಾನಿಗಳು ಭತ್ತದಲ್ಲಿ ಸಿಕೆಎಕ್ಸ್2 ಜೀನು ದುರ್ಬಲವಾಗಿದ್ದ ಹಬಟಾಕಿ ಎಂಬ ತಳಿಯ ಕದಿರಿನಲ್ಲಿ ಕಾಳು ಹೆಚ್ಚಿರುವುದನ್ನು ತೋರಿಸಿದರು. ಮತ್ತೆ ಅದೇ ಕತೆ. ಒಡೆಯುವವನನ್ನು ಕಟ್ಟಿಹಾಕಿದರೆ ಹಾರ್ಮೋನು ಉಳಿಯುತ್ತದೆ, ಕಾಳು ಹೆಚ್ಚುತ್ತದೆ.

ಗೋಧಿಯಲ್ಲಿ ಇದನ್ನು ಮಾಡಲು ಹೊರಟರೆ ಮೂರು ಪ್ರತಿಗಳು ಅಡ್ಡ ಬರುತ್ತವೆ. ಇಲ್ಲಿ ಜೀನು ಕೆಲಸ ನಿಲ್ಲಿಸಬೇಕು, ಹಾಗಾಗಿ ಮೂರನ್ನೂ ಒಟ್ಟಿಗೆ ಕೆಡಿಸಬೇಕು. ಪ್ರಕೃತಿಯಲ್ಲಿ ಅದು ತಾನಾಗಿ ಆಗುವುದು ತೀರಾ ಅಪರೂಪ. ಕ್ರಿಸ್ಪರ್ ಎಂಬ ಜೀನು ಕತ್ತರಿ ಬಂದ ಮೇಲೆ ಇದು ಸಾಧ್ಯವಾಗಿದೆ. ಆದರೆ ಕಾಳಿನ ಸಂಖ್ಯೆ ಹೆಚ್ಚಿದರೆ ತೂಕ ಹೆಚ್ಚಬೇಕೆಂದಿಲ್ಲ. ಎಲೆ ತಯಾರಿಸುವ ಆಹಾರ ಅಷ್ಟೇ ಇದ್ದು ಉಣ್ಣುವ ಬಾಯಿ ಜಾಸ್ತಿಯಾದರೆ ಪ್ರತಿ ಕಾಳೂ ಸಣ್ಣದಾಗುತ್ತದೆ. 2022ರ ಮಾರ್ಚಿನಂಥ ಬಿಸಿಲು ಬಂದರೆ ಇನ್ನೂ ಕಷ್ಟ. 1901ರಿಂದ ಲೆಕ್ಕ ಇಟ್ಟ ಮೇಲೆ ದೇಶ ಕಂಡ ಅತಿ ಬಿಸಿ ಮಾರ್ಚ್ ಅದು. ಕಾಳು ತುಂಬುವ ಹೊತ್ತಿಗೇ ಗೋಧಿ ಸೊರಗಿತು, ಮೇ 13ಕ್ಕೆ ಕೇಂದ್ರ ಗೋಧಿ ರಫ್ತನ್ನೇ ನಿಲ್ಲಿಸಿತು. ಅಂಥ ವರ್ಷ ತೆನೆಯಲ್ಲಿ ಹತ್ತು ಕಾಳು ಹೆಚ್ಚಿದ್ದರೆ ಹತ್ತೂ ಜೊಳ್ಳಾಗಬಹುದು.

ಈ ಸೈಟೊಕೈನಿನ್ ಕತೆ ನಮ್ಮ ಬಾಗಿಲಿಗೆ ಬಂದದ್ದು ಹೀಗೆ. 2025ರ ಮೇ 4ರಂದು ಕೇಂದ್ರ ಕೃಷಿ ಸಚಿವರು ಎರಡು ಜೀನು ತಿದ್ದಿದ ಭತ್ತದ ತಳಿಗಳನ್ನು ಘೋಷಿಸಿದರು. ಒಂದು ಹೈದರಾಬಾದಿನ ಭತ್ತ ಸಂಶೋಧನಾ ಸಂಸ್ಥೆಯ ಡಿಆರ್‌ಆರ್ ಧಾನ್ 100, ಅಂದರೆ ಕಮಲಾ. ಸಾಂಬಾ ಮಸೂರಿಯಲ್ಲಿ ಅದೇ ಸಿಕೆಎಕ್ಸ್2 ಜೀನನ್ನು ಕತ್ತರಿಸಿ ಮಾಡಿದ್ದು. ಇನ್ನೊಂದು ದೆಹಲಿಯ ಪೂಸಾ ಸಂಸ್ಥೆಯ ಪೂಸಾ ಡಿಎಸ್‌ಟಿ ರೈಸ್ 1. ಇದು ಎಂಟಿಯು 1010 ತಳಿಯಲ್ಲಿ ಡಿಎಸ್‌ಟಿ ಎಂಬ ಜೀನನ್ನು ಕತ್ತರಿಸಿದ್ದು, ಬರ ಮತ್ತು ಉಪ್ಪು ತಡೆಯುತ್ತದೆ ಎನ್ನುತ್ತಾರೆ. ಡಿಎಸ್‌ಟಿ ಜೀನು ಕೂಡ ಸಿಕೆಎಕ್ಸ್2 ಅನ್ನು ಎಬ್ಬಿಸುವ ಜೀನೇ. ಎರಡನ್ನೂ ಶಿಫಾರಸು ಮಾಡಿದ ರಾಜ್ಯಗಳಲ್ಲಿ ಕರ್ನಾಟಕ ಇದೆ. 2022ರ ಮಾರ್ಚಿನಲ್ಲಿ ಕೇಂದ್ರ ನಿಯಮ ಬದಲಿಸಿತ್ತು. ಹೊರಗಿನ ಜೀವಿಯ ಜೀನು ಸೇರಿಸದೆ, ಇರುವುದನ್ನೇ ಕತ್ತರಿಸಿ ತಿದ್ದಿದ ತಳಿಗಳಿಗೆ ಕುಲಾಂತರಿಯ ಕಠಿಣ ಪರೀಕ್ಷೆ ಬೇಡ ಎಂದಿತ್ತು. ಅರ್ಜೆಂಟೀನಾದ ಎಚ್‌ಬಿ4 ಗೋಧಿಯ ವಿಷಯ ಬೇರೆ. ಅದರಲ್ಲಿ ಸೂರ್ಯಕಾಂತಿಯ ಜೀನು ಸೇರಿಸಿದ್ದಾರೆ. ಅದು ಎಥಿಲೀನ್ ಸಂದೇಶಕ್ಕೆ ಗಿಡವನ್ನು ಸ್ವಲ್ಪ ಕಿವುಡು ಮಾಡಿ ಬರದಲ್ಲಿ ಎಲೆ ಬೇಗ ಹಣ್ಣಾಗದಂತೆ ತಡೆಯುತ್ತದೆ. ಅದು ಪೂರ್ತಿ ಕುಲಾಂತರಿ.

ಜೀನು ತಿದ್ದುವುದೇ ತಪ್ಪು ಎನ್ನುವವನಲ್ಲ ನಾನು. ನೊರಿನ್ 10ರಲ್ಲಿ ತಾನಾಗಿ ಆದ ತಪ್ಪಿಗೂ, ಹೈದರಾಬಾದಿನಲ್ಲಿ ಬೇಕೆಂದೇ ಮಾಡಿದ ಕತ್ತರಿಕೆಗೂ ಗಿಡದ ಮಟ್ಟಿಗೆ ಅಷ್ಟು ದೊಡ್ಡ ವ್ಯತ್ಯಾಸ ನನಗೆ ಕಾಣುವುದಿಲ್ಲ. ನನ್ನ ತಕರಾರು ಅಂಕಿಗಳನ್ನು ಹೇಳುವ ರೀತಿಯ ಬಗ್ಗೆ. ಸಾಂಬಾ ಮಸೂರಿಯ ಹೆಕ್ಟೇರಿಗೆ 4.5 ಟನ್ನಿಗೆ ಬದಲು ಕಮಲಾ 5.37 ಟನ್ ಕೊಡುತ್ತದೆ, 15ರಿಂದ 20 ದಿನ ಮೊದಲೇ ಕೊಯ್ಲಿಗೆ ಬರುತ್ತದೆ ಎಂದರು. ಅದು ಪ್ರಯೋಗದ ಸರಾಸರಿ. ಯಾವ ಮಣ್ಣಿನಲ್ಲಿ, ಎಷ್ಟು ಯೂರಿಯಾಕ್ಕೆ, ಯಾವ ಜಾಗದಲ್ಲಿ ಕಡಿಮೆಯಾಯಿತು ಎಂಬುದು ಸರಾಸರಿಯೊಳಗೆ ಮುಚ್ಚಿಹೋಗುತ್ತದೆ. ಬಿಡುಗಡೆಯ ನಂತರ ಕುಲಾಂತರಿ ವಿರೋಧಿ ಸಂಘಟನೆಗಳು ಪ್ರಯೋಗದ ಅಂಕಿಗಳನ್ನೇ ಪ್ರಶ್ನಿಸಿದವು, ಕೃಷಿ ಅನುಸಂಧಾನ ಪರಿಷತ್ತು ಆರೋಪ ತಳ್ಳಿಹಾಕಿತು. ಕ್ರಿಸ್ಪರ್ ಕತ್ತರಿಯ ಪೇಟೆಂಟು ಹೊರದೇಶದ ಸಂಸ್ಥೆಗಳ ಕೈಯಲ್ಲಿದೆ, ಬೀಜ ಇಟ್ಟುಕೊಂಡು ಮರುವರ್ಷ ಬಿತ್ತುವ ರೈತರಿಗೆ ಇದು ಸಣ್ಣ ವಿಷಯವಲ್ಲ.

ಈಗ ಕುಮಟೆಯ ಗಜನಿಗೆ ಬರೋಣ. ಮಾಣಿಕಟ್ಟೆಯ ಕಡೆ, ಅಘನಾಶಿನಿ ಸಮುದ್ರ ಸೇರುವ ಜಾಗದ ಉಪ್ಪು ನೀರಿನ ಗದ್ದೆಗೆ ಗಜನಿ ಅನ್ನುತ್ತಾರೆ, ಅಲ್ಲಿ ಕಗ್ಗ ಬೆಳೆಯುತ್ತದೆ. ಎತ್ತರದ ಭತ್ತ, ಕಡಿಮೆ ಇಳುವರಿ. ಗೊಬ್ಬರ ಇಲ್ಲ, ಔಷಧಿ ಇಲ್ಲ. ಮಳೆಗಾಲದಲ್ಲಿ ನೆರೆ ನೀರು ನುಗ್ಗಿ ಕೆಲ ದಿನ ಮುಳುಗಿದರೂ ಸಾಯುವುದಿಲ್ಲ. ಕೊಯ್ಲಾದ ಮೇಲೆ ಅದೇ ಗದ್ದೆಯಲ್ಲಿ ಮೀನು, ಸಿಗಡಿ. ಪರಿಚಯದ ಗಜನಿ ರೈತರೊಬ್ಬರಿಗೆ ನಾನು ಗಿಡ್ಡ ಗೋಧಿಯ ಕತೆ ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು: "ಗಿಡ್ಡ ಮಾಡಿದ್ರೆ ನೀರು ಬಂದಾಗ ಅದು ಉಸಿರಾಡೂದು ಎಲ್ಲಿ?"

ಇದು ಸರಿಯಾದ ಪ್ರಶ್ನೆ, ಮತ್ತು ಇದಕ್ಕೂ ಉತ್ತರ ಹಾರ್ಮೋನಿನಲ್ಲೇ ಇದೆ. ನೀರಿನಲ್ಲಿ ಮುಳುಗಿದ ಭತ್ತದೊಳಗೆ ಎಥಿಲೀನ್ ತುಂಬಿಕೊಳ್ಳುತ್ತದೆ. ಆಳ ನೀರಿನ ಕೆಲವು ತಳಿಗಳಲ್ಲಿ ಅದು ಜಿಬ್ಬರೆಲಿನ್ನನ್ನು ಎಬ್ಬಿಸಿ, ಗಿಡ ಸರಸರ ಉದ್ದವಾಗಿ ತಲೆಯನ್ನು ನೀರಿನ ಮೇಲೆ ತರುತ್ತದೆ. ಇದನ್ನು ಮಾಡಿಸುವ ಜೀನುಗಳನ್ನು 2009ರಲ್ಲಿ ಜಪಾನಿನಲ್ಲಿ ಗುರುತಿಸಿದರು. ಒಡಿಶಾದ ಒಂದು ಹಳೆ ತಳಿಯಲ್ಲಿರುವ ಸಬ್1 ಎಂಬ ಜೀನು ಇದಕ್ಕೆ ಉಲ್ಟಾ. ಎಥಿಲೀನ್ ಬಂದರೂ ಬೆಳೆಯಬೇಡ, ಶಕ್ತಿ ಉಳಿಸಿಕೊಂಡು ಸುಮ್ನೆ ಕೂತಿರು ಎನ್ನುತ್ತದೆ. 2006ರಲ್ಲಿ ಈ ಜೀನು ಗುರುತಾಗಿ, ಅದರಿಂದ ಸ್ವರ್ಣ-ಸಬ್1 ಬಂತು, ಎರಡು ವಾರದ ನೆರೆ ತಡೆಯುವ ತಳಿ. ಒಂದೇ ಹಾರ್ಮೋನು, ಎರಡು ಉಪಾಯ, ಎರಡು ಥರದ ನೆರೆ. ಬೇಗ ಇಳಿಯುವ ನೀರಿಗೆ ಕೂತಿರುವುದು ಲಾಭ, ತಿಂಗಳುಗಟ್ಟಲೆ ನಿಲ್ಲುವ ನೀರಿಗೆ ಬೆಳೆಯುವುದೇ ಗತಿ.

ಪೂಸಾ ಡಿಎಸ್‌ಟಿ ತಳಿಗೆ ಉಪ್ಪು ತಡೆಯುವ ಭತ್ತ ಎಂಬ ಹೆಸರಿದೆ. ಹಾಗಾಗಿ ಇವತ್ತಲ್ಲ ನಾಳೆ ಯಾರೋ ಅದನ್ನು ಗಜನಿಗೆ ತರುತ್ತಾರೆ. ತರಲಿ. ಆದರೆ ಅದನ್ನು ಸಂಶೋಧನಾ ಕೇಂದ್ರದ ತಾಕಿನಲ್ಲಿ ಬೆಳೆದು ತೋರಿಸಿದರೆ ನನಗೆ ಸಮಾಧಾನವಿಲ್ಲ. ಮಾಣಿಕಟ್ಟೆಯಲ್ಲೇ, ಒಂದೇ ಕಟ್ಟೆಯೊಳಗೆ, ಕಗ್ಗದ ಪಕ್ಕ ಬಿತ್ತಲಿ. ಕಗ್ಗಕ್ಕೆ ಹಾಕದ ಯೂರಿಯಾ ಇದಕ್ಕೂ ಬೇಡ. ಜುಲೈ ತಿಂಗಳ ನೆರೆ ಎರಡರ ಮೇಲೂ ಹೋಗಲಿ. ಮೂರು ಮಳೆಗಾಲ ನೋಡಿ ಕಾಳು ತೂಗಲಿ, ಹುಲ್ಲು ತೂಗಲಿ, ಕೊಯ್ಲಾದ ಮೇಲೆ ಆ ಗದ್ದೆಯ ಸಿಗಡಿಯನ್ನೂ ತೂಗಲಿ. ಆ ಅಂಕಿಗಳನ್ನು ಕನ್ನಡದಲ್ಲಿ ಬರೆದು ಪಂಚಾಯಿತಿ ಗೋಡೆಗೆ ಹಚ್ಚಲಿ. ಅಲ್ಲಿಯವರೆಗೆ ಕಗ್ಗದ ಬೀಜದ ಮುಡೆ ಕಟ್ಟುವವರು ಕಟ್ಟುತ್ತಲೇ ಇರಬೇಕು.